ಎಡಗೈ ನೂಲು

ದೇವಸಮುದ್ರದ ಆಚೆಗಿನ ಆ ಹಟ್ಟಿಯಲ್ಲಿ ದೊಡ್ಡೀರಪ್ಪ ಮನೆಯಲ್ಲಿದ್ದಾನೋ ಇಲ್ಲವೋ ಎಂದು ಯಾರೂ ಬಾಗಿಲಿಗೆ ಬಂದು ಕೂಗುತ್ತಿರಲಿಲ್ಲ. ಮನೆ ಮುಂದಿನ ಬೇವಿನ ಬುಡ ನೋಡಿದರೆ ಸಾಕಾಗಿತ್ತು. ನೆಲದ ಮೇಲಿನ ಎಣ್ಣೆಯ ಕರಿ ಮಚ್ಚೆ ಹಸಿಯಾಗಿ ಮಿರುಗುತ್ತಿದ್ದರೆ ಗಾಡಿ ಈಗಷ್ಟೇ ಹೊರಟಿದೆ. ಮೇಲೆ ಧೂಳು ಕೂತಿದ್ದರೆ ಹೋಗಿ ಹೊತ್ತಾಗಿದೆ. ಹೆಜ್ಜೆ ನೋಡಿ ತಪ್ಪಿಸಿಕೊಂಡ ಕುರಿ ಹುಡುಕುವ ಜನಕ್ಕೆ ಇದೇನು ಕಷ್ಟದ ವಿದ್ಯೆಯಲ್ಲ.

“ದೊಡ್ಡೀರಪ್ಪನ ಗಾಡಿ ಹೋದ ಕಡೆಯೆಲ್ಲ ಹಿಕ್ಕೆ ಹಾಕ್ಕಂಡು ಹೋಗ್ತೈತೆ ಕಣ್ರಪ್ಪಾ” ಎಂದು ಪಕ್ಕದ ಮನೆಯ ಸಿದ್ದಕ್ಕ ನಗಾಡುತ್ತಿದ್ದಳು. ಆ ಮಾತಿಗೆ ಕೇಳಿದವರೆಲ್ಲ ನಗುತ್ತಿದ್ದರು, ದೊಡ್ಡೀರಪ್ಪನೂ ನಗುತ್ತಿದ್ದ. ಅವನ ಹೆಂಡತಿ ಜುಂಜಮ್ಮ ಮಾತ್ರ ನಗದೆ, ಒಲೆಯಿಂದ ಒಂದು ಮೊರ ಬೂದಿ ತಂದು ಮಚ್ಚೆಯ ಮೇಲೆ ಚೆಲ್ಲಿ ಗುಡಿಸುತ್ತಿದ್ದಳು. ಗುಡಿಸಿದ ಮೇಲೆ ಕದಿರು ಹಿಡಿದು ಜಗಲಿಗೆ ಕೂತರೆ ಎದ್ದೇಳುವುದು ಗಾಡಿಯ ಸದ್ದು ಕೇಳಿದಾಗಲೇ.

ಜುಂಜಮ್ಮನದು ಎಡಗೈ. ಚಿಕ್ಕಂದಿನಲ್ಲಿ ಟಗರು ಗುದ್ದಿ ಬಲಗೈಯ ಹೆಬ್ಬೆರಳು ಮುರಿದು, ಸೊಟ್ಟಗೇ ಕೂಡಿಕೊಂಡ ಮೇಲೆ ಅವಳು ಕದಿರನ್ನು ಎಡಗೈಯಲ್ಲಿ ತಿರುಗಿಸುವುದನ್ನು ಕಲಿತಳು. ಹಟ್ಟಿಯ ಹೆಂಗಸರ ನೂಲೆಲ್ಲ ಒಂದು ಕಡೆಗೆ ಹುರಿಗೊಂಡರೆ ಇವಳದು ಅದರ ಎದುರು ಕಡೆಗೆ. ಚಳ್ಳಕೆರೆಯಲ್ಲಿ ಕಂಬಳಿ ನೇಯುವವರು ಒಂದೆಳೆಯನ್ನು ಬೆರಳಲ್ಲಿ ಬಿಚ್ಚಿ ನೋಡಿದೊಡನೆ, “ಇದು ಎಡಗೈ ಅಕ್ಕನ ನೂಲು, ಬೇರೆ ಇಡ್ರೋ. ಬೆರೆಸಿದ್ರೆ ಕಂಬಳಿ ಸೊಟ್ಟ ಎಳೀತೈತೆ” ಅನ್ನುತ್ತಿದ್ದರು. ಹಾಗೆ ಬೇರೆ ಇಟ್ಟು ನೇಯ್ದ ಕಂಬಳಿಯನ್ನೇ ದೊಡ್ಡೀರಪ್ಪ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ. ಬೇರೆಯವರ ನೂಲಿನದು ಅವನಿಗೆ ಕುತ್ತಿಗೆ ತುರಿಸುತ್ತದಂತೆ.

ಆ ಮನೆಯಲ್ಲಿ ಮುಚ್ಚಳ ಕಳೆದುಹೋಯಿತೆಂದು ಒಂದು ಬಾಟಲನ್ನೂ ಎಸೆದದ್ದಿಲ್ಲ. ಹರಳೆಣ್ಣೆಯ ಸೀಸೆ, ಕುರಿಗೆ ಕುಡಿಸುವ ಔಷಧಿ, ನೀರಿನ ಕ್ಯಾನು, ಎಲ್ಲದರ ಬಾಯಿಗೂ ಒಂದು ಚಿಟಿಕೆ ಉಣ್ಣೆ, ಮೇಲೆ ಬಿಗಿಯಾಗಿ ನಾಲ್ಕು ಸುತ್ತು ನೂಲು. ಗೋಡೆಯಲ್ಲಿ ಚೇಳಿನ ಸಂದು ಕಂಡರೂ ಉಣ್ಣೆ, ಮಳೆಗಾಲದಲ್ಲಿ ತಗಡು ತೊಟ್ಟಿಕ್ಕಿದರೂ ಉಣ್ಣೆ. ಹಟ್ಟಿಯ ಎಲ್ಲ ಮನೆಗಳ ವಾಡಿಕೆಯೂ ಅದೇ. ಯಾವುದರದೇ ಬಾಯಿ ತೆರೆದಿರುವುದು ಕಂಡರೆ ಅವರ ಕೈ ತಾನಾಗಿಯೇ ಉಣ್ಣೆಗೆ ಹೋಗುತ್ತಿತ್ತು.

ದೊಡ್ಡೀರಪ್ಪ ಹುಟ್ಟಾ ಡ್ರೈವರನಲ್ಲ. ಮೀಸೆ ನೆರೆಯುವ ತನಕ ಅವನು ಕುರಿಯ ಹಿಂದೆ ನಡೆದವನು. ಒಂದು ವರ್ಷ ಹಳ್ಳದ ದಂಡೆ ಕುಸಿದು ಮಂಡಿ ಮುರಿಯಿತು. ಮಂಡಿ ವಾಸಿಯಾಯಿತು, ಆದರೆ ದಿನವಿಡೀ ನಡೆಯುವ ಕಾಲಾಗಿ ಉಳಿಯಲಿಲ್ಲ. ಕುರಿಗಾಹಿ ನಡೆಯದಿದ್ದರೆ ಮತ್ತೇನು ಮಾಡಿಯಾನು? ಜಗಲಿಯ ಮೇಲೆ ಕೂತ. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಕುರಿ ಮೇಯಲು ಹೊರಟ ಹೊತ್ತಿಗೆ ಮುಸುಕು ಹಾಕಿಕೊಂಡು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಆ ದಿನಗಳು ನೆನಪಾದರೆ ಜುಂಜಮ್ಮನ ಕದಿರು ಈಗಲೂ ನಡುವೆ ನಿಂತುಬಿಡುತ್ತದೆ.

ಅವನನ್ನು ಎಬ್ಬಿಸಿದ್ದು ಈ ಗಾಡಿ. ಚಳ್ಳಕೆರೆಯ ಶೇಂಗಾ ವ್ಯಾಪಾರಿ ಜಂಬುಲಿಂಗಪ್ಪನವರು ಓಡಿಸುವಷ್ಟು ಓಡಿಸಿ ಬೇಡವೆಂದು ಇವನಿಗೆ ಮಾರಿದ ಹಳೆಯ ಪಿಕಪ್ಪು. ಅವರ ಶೇಂಗಾ ಅಂಗಡಿಯ ಹಿಂದಿನ ಬಯಲಲ್ಲೇ ದೊಡ್ಡೀರಪ್ಪ ಅದನ್ನು ಓಡಿಸಲು ಕಲಿತ. ಗೇರುಗಳ ಹೆಸರು ತಲೆಗೆ ಹತ್ತದೆ ಅವನೇ ಹೆಸರಿಟ್ಟುಕೊಂಡ. ಮುಕ್ಕಿರಿದು ತಳ್ಳುವ ಮೊದಲನೆಯದು ಟಗರು, ಎಳೆದಷ್ಟೂ ಬರುವ ಎರಡನೆಯದು ತಾಯಿಕುರಿ, ಮೂರನೆಯದು ಪ್ರಾಯದ ಕುರಿ, ಕೈಗೆ ಸಿಕ್ಕದೆ ನೆಗೆಯುವ ನಾಲ್ಕನೆಯದು ಹೋತ. ಏರು ಬಂದರೆ, “ಬಾರೋ ಟಗರೇ” ಎಂದು ಗೇರಿನ ಕಡ್ಡಿಯನ್ನು ಕೊಂಬು ಹಿಡಿದ ಹಾಗೆ ಹಿಡಿದು ಎಳೆಯುವನು. ಕುರಿ ಕೂಡುವ ರೊಪ್ಪದೊಳಕ್ಕೆ ಹೋಗುವಾಗ ಕೆರ ಬಿಟ್ಟು ಹೋಗುವ ಜನ. ಅವನು ಗಾಡಿ ಹತ್ತುವಾಗಲೂ ಕೆರ ಬಿಟ್ಟೇ ಹತ್ತುತ್ತಿದ್ದ. ಬರಿಗಾಲಲ್ಲಿ ಕ್ಲಚ್ಚು ಒತ್ತುವ ಅವನನ್ನು ಕಂಡು ರಸ್ತೆಯಲ್ಲಿ ನಕ್ಕವರುಂಟು. ಅವನು ಲೆಕ್ಕಕ್ಕೆ ತಗೊಳ್ಳಲಿಲ್ಲ. “ಒಳಗೆ ಮರಿಗಳು ಇರ್ತಾವೆ. ಅದೂ ರೊಪ್ಪನೇ” ಅನ್ನುತ್ತಿದ್ದ.

ಬೇಸಿಗೆಗೆ ಮೇವು ಮುಗಿದು ಮಂದೆ ನೀರಾವರಿಯ ಕಡೆ ಹೊರಟರೆ ದೊಡ್ಡ ಕುರಿಗಳು ಮಗ ಈರೇಶನ ಹಿಂದೆ ನಡೆಯುತ್ತಿದ್ದವು. ಈದು ನಾಲ್ಕು ದಿನವೂ ಆಗದ ಎಳೆಮರಿಗಳು, ಕುಂಟು ಕುರಿಗಳು, ಪಾತ್ರೆ ಪಡಗ, ಜುಂಜಮ್ಮ, ಇಷ್ಟೂ ಗಾಡಿಯಲ್ಲಿ. ಹಿಂದಿನ ಸಲ ಅದೇ ದಾರಿಯಲ್ಲಿ ಆಗಬಾರದ್ದು ಆಯಿತು. ರಾಂಪುರ ದಾಟಿ ಎಷ್ಟೋ ದೂರ ಹೋದ ಮೇಲೆ ಗೇರ್ ಬಾಕ್ಸಿನ ಎಣ್ಣೆ ಸೋರಿ ಸೋರಿ ಒಣಗಿ, ಗೇರು ಕಚ್ಚಿಕೊಂಡು ಗಾಡಿ ನಡುದಾರಿಯಲ್ಲಿ ನಿಂತುಬಿಟ್ಟಿತು. ಮರವಿಲ್ಲ, ನೀರಿಲ್ಲ. ಮಂದೆ ಹಿಂದೆಲ್ಲೋ ಇತ್ತು, ತಾಯಂದಿರ ಹಾಲೂ ಹಿಂದೆಯೇ. ಜುಂಜಮ್ಮ ಸೀರೆ ಬಿಚ್ಚಿ ಮರಿಗಳ ಮೇಲೆ ನೆರಳು ಹಿಡಿದು ಕಂಬಳಿ ಹೊದ್ದು ಕೂತಳು. ಆದರೂ ಎರಡು ಮರಿ ಉಳಿಯಲಿಲ್ಲ. ಓಡಿ ಬಂದ ಈರೇಶ ಸತ್ತ ಮರಿಯನ್ನು ಕೈಯಲ್ಲಿ ಎತ್ತಿಕೊಂಡು ಅಪ್ಪನ ಮುಖವನ್ನೂ ನೋಡದೆ ನಿಂತಿದ್ದ.

ಈ ವರ್ಷ ಯುಗಾದಿ ಕಳೆದದ್ದೇ ಅವನು ಮಾತು ತೆಗೆದ.

“ಅಪ್ಪಾ, ರಾಯದುರ್ಗದೋರು ಒಬ್ರು ಬರ್ತಾರೆ. ಗಾಡಿ ಕೊಟ್ಟುಬಿಡಾನ. ಮರಿ ಸಾಗ್ಸಾಕೆ ಬಾಡಿಗೆ ಗಾಡಿ ಹೇಳ್ತೀನಿ.”

ದೊಡ್ಡೀರಪ್ಪ ಮುದ್ದೆ ಮುರಿಯುತ್ತಿದ್ದವನು ಕೈ ನಿಲ್ಲಿಸಿದ. “ಎಣ್ಣೆ ಸೋರ್ದಂಗೆ ಸೀಲು ಹಾಕ್ಸೀನಲ್ಲಲೇ.”

“ಹಾಕ್ಸಿದ್ದು ಎಷ್ಟನೇ ಸಲ? ಹಾಕ್ಸಿದಾಗೆಲ್ಲ ಸೋರ್ತೈತೆ. ಮರಿ ಪ್ರಾಣ ಅಪ್ಪಾ. ಬಾಯಿ ಇಲ್ದೋವು.”

ಮಗ ಹೇಳಿದ್ದು ಸರಿಯೆಂದು ಜುಂಜಮ್ಮನಿಗೂ ಗೊತ್ತಿತ್ತು, ದೊಡ್ಡೀರಪ್ಪನಿಗೂ ಗೊತ್ತಿತ್ತು.

ರಾಯದುರ್ಗದವನು ಬಂದವನೇ ಮೊಣಕಾಲೂರಿ ಗಾಡಿಯ ಅಡಿಗೆ ಇಣುಕಿ ಗಟ್ಟಿಯಾಗಿ ನಕ್ಕ. “ಇದಿ ಬಂಡಿ ಕಾದು ಮಾಮಾ, ನೂನೆ ಗಾನುಗ!” ಗಾಡಿಯಲ್ಲ, ಎಣ್ಣೆ ಗಾಣವಂತೆ. ಆದರೂ ತಗೊಳ್ಳುತ್ತೇನೆ, ಬಿಚ್ಚಿ ಸಾಮಾನು ಮಾಡಿ ಮಾರುತ್ತೇನೆ, ಮಂದೆ ಹೊರಡುವ ಮುಂಚೆ ಬಂದು ಒಯ್ಯುತ್ತೇನೆ ಎಂದು ಹೇಳಿ ಹೋದ. ಬಿಚ್ಚುತ್ತೇನೆ ಎಂದದ್ದು ಕೇಳಿದ ಮೇಲೆ ದೊಡ್ಡೀರಪ್ಪ ಒಳಗೆ ಹೋಗಿ ಮಲಗಿದ. ಮುಸುಕು ಹಾಕಿಕೊಂಡು, ಗೋಡೆಯ ಕಡೆ ತಿರುಗಿ.

ಜುಂಜಮ್ಮ ಹೊಸ್ತಿಲಲ್ಲಿ ನಿಂತು ಅದನ್ನು ನೋಡಿದಳು. ಬೆಳಗಾಗುತ್ತಲೂ ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿ, ಕದಿರು ಹಿಡಿದು, ಗಾಡಿಯಲ್ಲಿ ಹೋಗಿ ಕೂತೇಬಿಟ್ಟಳು.

“ಎಲ್ಲಿಗಮ್ಮಾ ಸವಾರಿ?” ಎಂದ ದೊಡ್ಡೀರಪ್ಪ.

“ಚಳ್ಳಕೆರೆಗೆ. ನಿನ್ನ ಗ್ಯಾರೇಜಿನೋನ್ನ ನಾನೂ ಒಂದ್ಸಾರಿ ನೋಡಬೇಕು. ಇನ್ನೊಂದು ಸಲ ಬಿಚ್ಲಿ. ಆಗ್ಲಿಲ್ಲಾಂದ್ರೆ ರಾಯದುರ್ಗದೋನು ತಗಂಡು ಹೋಗ್ಲಿ, ನಾನು ತುಟಿ ಪಿಟಕ್ಕನ್ನಲ್ಲ.”

ಈರೇಶ ಕುರಿ ಬಿಡುತ್ತಿದ್ದ. “ಅವ್ವಾ, ನಾಳೀಕೆ ಕೊಂಡ್ಲಹಳ್ಳಿಯಿಂದ ಶೇಂಗಾ ಹೊಟ್ಟು ತರಬೇಕು. ತುಂಬಿದ ಗಾಡಿ ಹೋಗಿಬಂದು, ನೆಲದ ಮ್ಯಾಲೆ ಒಂದು ತೊಟ್ಟು ಕಾಣ್ಬಾರ್ದು. ಒಂದು ತೊಟ್ಟು ಕಂಡ್ರೂ, ಬಂದು ತಗಂಡು ಹೋಗು ಅಂತ ರಾಯದುರ್ಗದೋನಿಗೆ ಫೋನ್ ಮಾಡ್ತೀನಿ” ಎಂದ.

“ಮಾಡೀಯಂತೆ ಬಿಡಪ್ಪ” ಎಂದಳು ಅವ್ವ.

ಚಳ್ಳಕೆರೆಯಲ್ಲಿ ತಿಪ್ಪೇರುದ್ರನ ಗ್ಯಾರೇಜು ಎಂದರೆ ನಾಲ್ಕು ಕಂಬ, ಮೇಲೊಂದು ತಗಡು. ಗಾಡಿ ಕಂಡದ್ದೇ ಅವನು ಕೈ ಒರೆಸಿಕೊಳ್ಳುತ್ತ ಬಂದ.

“ಮತ್ತೆ ಬಂದ್ಲಾ ನಿನ್ ಸೊಸೆ ತವರಿಗೆ, ದೊಡ್ಡೀರಪ್ಪಣ್ಣಾ?”

“ತವರಲ್ಲಿ ನೆಟ್ಟಗೆ ಬುದ್ಧಿ ಹೇಳಿ ಕಳ್ಸಿದ್ರೆ ಯಾಕಪ್ಪಾ ಬರ್ತಿದ್ಲು?” ಎಂದಳು ಜುಂಜಮ್ಮ ಇಳಿಯದೆಯೇ.

ತಿಪ್ಪೇರುದ್ರ ನಕ್ಕ. ಆದರೆ ಅಡಿಗೆ ಹೋಗಿ ನೋಡಿ ಬಂದವನ ಮುಖದಲ್ಲಿ ನಗುವಿರಲಿಲ್ಲ. “ಅಕ್ಕಾರೆ, ನಾನು ಹಾಕಿದ ಸೀಲು ಹೊಸದು. ದೇವರಾಣೆ ಹೊಸದು. ಇಲ್ಲಿ ಒಂದು ರೌಂಡು ಹೋಗಿ ಬಂದು ನೋಡೇ ಕಳ್ಸಿದ್ದು. ಒಂದು ತೊಟ್ಟು ಇರ್ಲಿಲ್ಲ.”

“ಒಂದು ರೌಂಡು ಹೋದ್ರೆ ಸೋರಲ್ಲಪ್ಪಾ ಅದು. ದೇವಸಮುದ್ರಕ್ಕೆ ಹೋಗಿ ಬಂದ ದಿನ ನೆಲ ಒಣಗಿರ್ತೈತೆ. ದೂರ ಹೋಗಿ ಬಂದ ದಿನ ನಂಗೆ ಒಂದು ಮೊರ ಬೂದಿ ಸಾಲಲ್ಲ. ಗುಡಿಸೋಳು ನಾನಲ್ವಾ.”

ತಿಪ್ಪೇರುದ್ರ ದೊಡ್ಡೀರಪ್ಪನ ಕಡೆ ತಿರುಗಿದ. “ಇದನ್ನ ನೀನು ಒಂದು ದಿನನಾದ್ರೂ ಹೇಳಿದ್ಯಾ?”

“ನೀನು ಕೇಳಿದ್ಯಾ?”

ಗಾಡಿಯ ಅಡಿಯನ್ನು ಡೀಸೆಲಿನಲ್ಲಿ ತೊಳೆದು ಒರೆಸಿದ ಮೇಲೆ ತಿಪ್ಪೇರುದ್ರ ಮಾಡಿದ ಕೆಲಸ ನೋಡಿ ಜುಂಜಮ್ಮ ಕದಿರು ಬಿಟ್ಟು ಬಗ್ಗಿ ನೋಡಿದಳು. ಅವನು ಮುಖಕ್ಕೆ ಹಾಕುವ ಪೌಡರಿನ ಡಬ್ಬಿ ತಂದು ಗೇರ್ ಬಾಕ್ಸಿಗೆಲ್ಲ ಬಟ್ಟೆಯಲ್ಲಿ ತಟ್ಟಿ ತಟ್ಟಿ ಬಳಿಯುತ್ತಿದ್ದ.

“ಇದೇನಪ್ಪಾ, ಮದುವೆ ಹೆಣ್ಣಿಗೆ ಹಚ್ಚಿದಂಗೆ?”

“ಅಳೋದು ಯಾವ ಕಣ್ಣು ಅಂತ ಗೊತ್ತಾಗಬೇಕಲ್ಲಕ್ಕಾ. ಪೌಡ್ರು ಹಚ್ಚಿದ್ರೆ ನೀರು ಎಲ್ಲಿಂದ ಇಳೀತು ಅಂತ ಗೆರೆ ಕಾಣ್ತೈತೆ. ನಡೀರಿ, ತಳಕಿನ ತನಕ ಹೋಗಿ ಬರಾನ. ಬಿಸಿ ಏರ್ಲಿ.”

ಮೂವರೂ ಹೊರಟರು. ಜುಂಜಮ್ಮ ನಡುವೆ, ಗೇರಿನ ಕಡ್ಡಿಯ ಪಕ್ಕ. ದಾರಿಯ ಎರಡೂ ಕಡೆ ಜಾಲಿ, ದೂರದಲ್ಲಿ ಗಾಳಿಯಂತ್ರಗಳು. ತಳಕಿನ ಹತ್ತಿರ ಸೋಡಾ ಅಂಗಡಿಯ ಪಕ್ಕದ ಹೊಂಗೆ ಮರ ಕಂಡಿತು. ಮರಿ ಸತ್ತ ಬೇಸಿಗೆಗೂ ಮುಂಚೆ, ಆಪರೇಷನ್ನು ಮಾಡಿಸಿಕೊಂಡು ದುರ್ಗದ ಜಿಲ್ಲಾ ಆಸ್ಪತ್ರೆಯಿಂದ ಬರುವಾಗ ಇವಳಿಗೆ ವಾಂತಿಯಾಗಿ ಗಾಡಿ ನಿಲ್ಲಿಸಿದ್ದು ಇಲ್ಲೇ. ಹೊಟ್ಟೆಯ ಹೊಲಿಗೆ ಹಸಿಯಾಗಿತ್ತು. ಒಂದೊಂದು ಸಲ ಓಕರಿಕೆ ಬಂದಾಗಲೂ ಜೀವ ಹೋಗಿ ಬಂದ ಹಾಗಾಗುತ್ತಿತ್ತು.

“ಇಲ್ಲೇ ಅಲ್ವಾ ನೀನು ನನ್ನ ಇಳಿಸಿ ಸೋಡಾ ಕುಡಿಸಿದ್ದು?” ಎಂದಳು.

“ಹ್ಞೂಂ” ಎಂದ ದೊಡ್ಡೀರಪ್ಪ, ರಸ್ತೆ ನೋಡುತ್ತ. “ಎಷ್ಟೊತ್ತು ಕೂತಿದ್ದೆ ನೀನು ಆ ಮರದ ಬುಡಕ್ಕೆ. ಎದ್ದೇ ಬರ್ಲಿಲ್ಲ.”

ತಿರುಗಿ ಗ್ಯಾರೇಜು ಸೇರಿ ಗಾಡಿಯನ್ನು ಜಾಕಿಯ ಮೇಲೆ ಎತ್ತಿದರು. ಪೌಡರು ಬಳಿದ ಬಿಳಿ ಮೈಮೇಲೆ ಕರಿ ಗೆರೆಗಳು. ಒಂದಲ್ಲ, ಹಿಂದಿನ ಸೀಲಿನಿಂದಲೂ ಇಳಿದಿತ್ತು, ಮುಂದಿನದರಿಂದಲೂ ಇಳಿದಿತ್ತು, ನಡುವಿನ ಪ್ಯಾಕಿಂಗಿನಿಂದಲೂ ಇಳಿದಿತ್ತು. ತಿಪ್ಪೇರುದ್ರ ತಲೆ ಕೆರೆದುಕೊಂಡ. “ಎಲ್ಲಾ ಕಡೆಯಿಂದ ಒಟ್ಟಿಗೇ ಹೆಂಗೆ ಹೋಗ್ತೈತೆ?” ಎಂದು ತನಗೆ ತಾನೇ ಕೇಳಿಕೊಂಡು, ಎಣ್ಣೆ ಎಷ್ಟಿದೆ ನೋಡೋಣವೆಂದು ಪಕ್ಕದ ಬೋಲ್ಟನ್ನು ತಿರುಗಿಸಿದ.

ಬುಸ್ಸ್ ಎಂದಿತು. ಕುಕ್ಕರಿನ ಸೀಟಿ ಎತ್ತಿದ ಹಾಗೆ. ಬಿಸಿ ಎಣ್ಣೆಯ ಹನಿ ಹಾರಿ ಅವನ ಕೆನ್ನೆಗೆ ಬಿತ್ತು.

ಅವನು ಕೆನ್ನೆ ಒರೆಸಿಕೊಳ್ಳುವುದನ್ನೂ ಮರೆತು ಎದ್ದು ಕೂತ. “ಅಣ್ಣಾ, ಇದಕ್ಕೆ ಉಸಿರು ಕಟ್ಟೈತೆ! ಒಳಗಿನ ಗಾಳಿ ಬಿಸಿಯಾಗಿ ಹಿಗ್ತೈತೆ, ಅದು ಹೋಗಾಕೆ ನೆತ್ತಿ ಮ್ಯಾಲೆ ಒಂದು ತೂತು ಬಿಟ್ಟಿರ್ತಾರೆ. ಅದು ಮುಚ್ಕಂಡ್ರೆ ಗಾಳಿ ಎಲ್ಲಿಂದ ಹೋಗ್ಬೇಕು? ಸೀಲು ತಳ್ಕೊಂಡು ಎಣ್ಣೆ ಜತೆಗೇ ಹೋಗ್ತೈತೆ. ನಾನು ಬರೀ ಅಡಿಯಿಂದಾನೇ ನೋಡ್ತಿದ್ದೆ, ನನ್ ಬುದ್ಧಿಗಿಷ್ಟು.”

ಒಳಗೆ ಹತ್ತಿ, ಗೇರಿನ ಕಡ್ಡಿಯ ಬುಡದ ರಬ್ಬರು ಎತ್ತಿ, ಕೈ ಇಳಿಬಿಟ್ಟು ತಡಕಾಡಿದ. ಸ್ವಲ್ಪ ಹೊತ್ತಿಗೆ ಸ್ಕ್ರೂಡ್ರೈವರಿನಲ್ಲಿ ಏನನ್ನೋ ಕಿತ್ತು ಹೊರಗೆ ತಂದ. ಅಂಗೈಯಲ್ಲಿ ಕರ್ರಗೆ, ಎಣ್ಣೆಯೂ ಧೂಳೂ ಕಲಸಿ ಕಲ್ಲಾಗಿದ್ದ ಒಂದು ಉಂಡೆ.

“ಇದೇನು, ಹಕ್ಕಿ ಗೂಡಾ? ಯಾವನೋ ಬೇವಕೂಫ್ ತುರುಕವ್ನೆ. ಹೋದ ಸಲ ಗಾಡಿ ನಿಂತಾಗ ಬಳ್ಳಾರಿ ಕಡೆ ರಿಪೇರಿ ಮಾಡ್ಸಿದ್ರಲ್ಲ, ಅವರೇ ಇರ್ಬೇಕು.”

ಜುಂಜಮ್ಮ ಕೈ ಚಾಚಿದಳು. ತಟ್ಟೆಯಲ್ಲಿದ್ದ ಸೀಮೆಎಣ್ಣೆಯಲ್ಲಿ ಉಂಡೆಯನ್ನು ಅದ್ದಿ ಹಿಂಡಿದಳು, ಮತ್ತೆ ಅದ್ದಿ ಹಿಂಡಿದಳು. ಕೆಸರು ಬಿಟ್ಟುಕೊಂಡಿತು. ಒಳಗೆ ಉಣ್ಣೆ, ಮೇಲೆ ಮರಿಯ ಹೊಕ್ಕುಳು ಕಟ್ಟಿದಷ್ಟು ಜೋಪಾನವಾಗಿ ನಾಲ್ಕು ಸುತ್ತು ನೂಲು. ಅವಳು ನೂಲಿನ ತುದಿ ಹಿಡಿದು ಬೆರಳಲ್ಲಿ ಬಿಚ್ಚಿದಳು. ಬಲಕ್ಕೆ ತಿರುಗಿಸಿದರೆ ಬಿಗಿಯಾಗಬೇಕಾದ ನೂಲು ಬಿಚ್ಚಿಕೊಂಡಿತು. ಎಡಹುರಿ.

ಈ ಸೀಮೆಯಲ್ಲಿ ಅಂಥ ನೂಲು ತೆಗೆಯುವ ಕೈ ಒಂದೇ.

ಅವಳು ತಲೆಯೆತ್ತಿ ಗಂಡನ ಕಡೆ ನೋಡಿದಳು. ಅವನು ಅಷ್ಟರಲ್ಲೇ ಹಳೆ ಟೈರಿನ ಮೇಲೆ ಕುಕ್ಕರಿಸಿದ್ದ.

“ತಳಕಿನಲ್ಲಾ?” ಎಂದಳು.

“ಹ್ಞೂಂ.” ಅವನು ನೆಲ ನೋಡುತ್ತ ಹೇಳಿದ. “ರಬ್ಬರು ಎತ್ತಿ ನೋಡ್ದೆ. ಆ ತೂತಿನ ಮ್ಯಾಲಿನ ಟೋಪಿ ಎಲ್ಲೋ ಉದುರಿಹೋಗಿತ್ತು. ಅದರಿಂದ ಎಣ್ಣೆ ಹೊಗೆ ನಿನ್ನ ಮೂಗಿಗೇ ಹೊಡೀತಿತ್ತು. ನೀನು ಒಂದೊಂದು ಸಲ ಹೊಟ್ಟೆ ಹಿಡ್ಕಂಡು ಬಗ್ಗಿದಾಗ ಹೊಲಿಗೆ ಬಿಚ್ಚೇ ಹೋಯ್ತು ಅಂದ್ಕಂತಿದ್ದೆ. ಕಂಬಳಿ ಅಂಚು ಕಿತ್ತು ಮುಚ್ಚಿದೆ. ಮುಚ್ಚಬಾರ್ದು ಅಂತ ನಂಗೇನು ಗೊತ್ತು? ಎರಡು ಮರಿ ನಾನೇ ಕೊಂದಂಗಾಯ್ತಲ್ಲೇ.”

ತಿಪ್ಪೇರುದ್ರ ಬೇವಕೂಫ್ ಎಂದದ್ದನ್ನು ನುಂಗಿಕೊಳ್ಳಲಾರದೆ ಸ್ಪ್ಯಾನರುಗಳನ್ನು ಸುಮ್ಮನೆ ಜೋಡಿಸತೊಡಗಿದ.

ಜುಂಜಮ್ಮನಿಗೆ ಸೋಡಾದ ರುಚಿ ನಾಲಿಗೆಗೆ ಬಂದ ಹಾಗಾಯಿತು. ಮರದ ಬುಡದಲ್ಲಿ ಕೂತು, ಈ ಮನುಷ್ಯ ತಲೆ ಒಳಗೆ ತೂರಿಸಿ, ಬರಿಗಾಲು ಹೊರಗೆ ಬಿಟ್ಟು ಗಾಡಿಯಲ್ಲಿ ಏನು ಮಾಡುತ್ತಿದ್ದಾನೆ ಎಂದು ಅವಳು ಬೇಸರಪಟ್ಟಿದ್ದಳು. ಆಮೇಲೆ ಹಟ್ಟಿ ಮುಟ್ಟುವ ತನಕ ವಾಸನೆ ಇರಲಿಲ್ಲ, ವಾಂತಿಯೂ ಆಗಲಿಲ್ಲ. ಗಾಳಿ ತಿರುಗಿರಬೇಕು ಎಂದುಕೊಂಡು ಅವನ ತೋಳಿಗೆ ಒರಗಿ ನಿದ್ದೆ ಮಾಡಿದ್ದಳು.

“ಏಳು” ಎಂದಳು. “ಮರಿ ಕೊಂದಿದ್ದು ಬಿಸಿಲು. ಏಳು, ಅವನಿಗೆ ಬೆಳಕು ಹಿಡಿ.”

ಗಾಳಿಗೆ ಬಾಯಿಬಿಟ್ಟಿದ್ದ ಸೀಲುಗಳನ್ನೂ ಹರಿದ ಪ್ಯಾಕಿಂಗನ್ನೂ ತಿಪ್ಪೇರುದ್ರ ಮತ್ತೆ ಹೊಸದಾಗಿ ಹಾಕಿದ. ತೂತಿಗೆ ಒಂದು ರಬ್ಬರು ಪೈಪು ಸಿಕ್ಕಿಸಿ, ಅದನ್ನು ಕ್ಯಾಬಿನ್ನಿನ ಹಿಂದೆ ಎಳೆದು, ಧೂಳು ಹೋಗದ ಹಾಗೆ ತುದಿಯನ್ನು ಕೆಳಕ್ಕೆ ಬಗ್ಗಿಸಿ ಕಟ್ಟಿದ. “ಇನ್ನು ಅಕ್ಕಂಗೆ ವಾಸ್ನೆ ಬರಲ್ಲ. ಹಿಂದಕ್ಕೆ ಹೋಗ್ತೈತೆ.”

“ಹಿಂದೆ ಮರಿಗಳಿಗೆ ಆಗಲ್ವೇನಪ್ಪಾ?”

“ಅಡಿಗೆ ಬಿಟ್ಟೀನಕ್ಕಾ, ರಸ್ತೆಗೆ ಹೋಗ್ತೈತೆ. ಇಷ್ಟಕ್ಕೂ ಕುರಿ ವಾಸ್ನೆ ಮುಂದೆ ಇದು ಯಾವ ಲೆಕ್ಕ?”

ದೊಡ್ಡೀರಪ್ಪ ಆ ನೂಲನ್ನು ಎತ್ತಿ ಎಸೆಯಹೊರಟ. ಜುಂಜಮ್ಮ ಕಿತ್ತುಕೊಂಡು ಸುರುಳಿ ಸುತ್ತಿ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡಳು.

“ಲೇ, ಚೀಲವೆಲ್ಲ ಎಣ್ಣೆ ಆಯ್ತದೆ. ಎಲೆ ಹೆಂಗೆ ತಿಂತೀಯಾ?”

“ನನ್ ನೂಲು, ನನ್ ಚೀಲ. ನಿಂಗೇನು?”

ಮರುದಿನ ಕೊಂಡ್ಲಹಳ್ಳಿಯಿಂದ ಶೇಂಗಾ ಹೊಟ್ಟು ತುಂಬಿದ ಗಾಡಿ ಸಂಜೆಯೊಳಗೆ ಹಟ್ಟಿ ಸೇರಿತು. ಗಾಡಿ ನಿಲ್ಲುವ ಮುಂಚೆಯೇ ಜುಂಜಮ್ಮ ಬೇವಿನ ಬುಡವನ್ನು ಸಾರಿಸಿ, ಬಿಳಿ ಬೂದಿಯನ್ನು ಜರಡಿ ಹಿಡಿದು ಹರಡಿದ್ದಳು. ಬೆಳಿಗ್ಗೆ ಸಿದ್ದಕ್ಕ ಬಾಗಿಲಿಗೇ ಬಂದು, “ದೊಡ್ಡೀರಪ್ಪ ಅವ್ನಾ ಮನೇಲಿ? ನೆಲ ನೋಡಿದ್ರೆ ಏನೂ ಗೊತ್ತಾಗ್ತಿಲ್ಲ” ಎಂದು ನಿಂತ ಗಾಡಿಯನ್ನು ನೋಡುತ್ತಲೇ ನಗಾಡಿದಳು.

ಈರೇಶ ಗಾಡಿಯ ಅಡಿಗೆ ಅಂಗಾತ ತೂರಿದ. ಬೂದಿಯನ್ನು ಬೆರಳಲ್ಲಿ ಕೆದಕಿದ, ಗೇರ್ ಬಾಕ್ಸನ್ನು ಮುಟ್ಟಿ ಬೆರಳು ನೋಡಿಕೊಂಡ, ಮೂಸಿದ. ದೊಡ್ಡೀರಪ್ಪ ಜಗಲಿಯ ಅಂಚಿನಲ್ಲಿ ಕೂತು ಮಗನ ಹೊರಗೆ ಕಾಣುವ ಪಾದಗಳನ್ನೇ ನೋಡುತ್ತಿದ್ದ. ಎದ್ದು ಬಂದ ಈರೇಶನ ಬೆನ್ನೆಲ್ಲ ಬೂದಿ, ಕೈಯಲ್ಲಿ ಮಾತ್ರ ಏನೂ ಇಲ್ಲ.

“ಏನಾಗಿತ್ತಂತೆ?”

ಜುಂಜಮ್ಮ ಬಾಯಿ ತೆರೆಯುವಷ್ಟರಲ್ಲಿ ದೊಡ್ಡೀರಪ್ಪನೇ ಹೇಳಿದ. “ಉಸಿರಾಡೋ ತೂತು ನಾನೇ ಮುಚ್ಚಿದ್ದೆ ಕಣೋ. ಉಣ್ಣೆ ಇಟ್ಟು.”

“ಯಾಕೆ?”

“ನಿಮ್ಮವ್ವಗೆ ಆಪರೇಷನ್ ಆಗಿತ್ತಲ್ಲ. ವಾಸ್ನೆಗೆ ವಾಂತಿ ಮಾಡ್ಕಂತಿದ್ಲು.”

ಈರೇಶ ಅಪ್ಪನನ್ನು ನೋಡಿದ, ಅವ್ವನನ್ನು ನೋಡಿದ. ಅವ್ವ ಕದಿರಿಗೆ ಗಂಟು ಬಿದ್ದವಳ ಹಾಗೆ ತಲೆ ತಗ್ಗಿಸಿದ್ದಳು. ಅವನು ಬೆನ್ನಿನ ಬೂದಿ ಕೊಡವಿಕೊಂಡು, ಫೋನು ತೆಗೆದು ರೊಪ್ಪದ ಕಡೆ ಹೋದ. ಬೇಲಿಯ ಆಚೆಯಿಂದ ಅವನ ಮಾತು ಕೇಳುತ್ತಿತ್ತು. “ಇಲ್ಲಣ್ಣಾ, ಕೊಡಲ್ಲ. ಇಲ್ಲ, ಬೇರೆಯೋರಿಗೂ ಇಲ್ಲ. ಬೇಕು ನಮ್ಗೆ.” ತಿರುಗಿ ಬರುವಾಗ ಎರಡು ಕಂಕುಳಲ್ಲೂ ಎರಡು ಎಳೆಮರಿ ಇದ್ದವು.

“ಹೊಟ್ಟು ಇಳಿಸಾನ ಬಾ ಅಪ್ಪಾ. ನಾಳೆ ಮಂದೆ ಏಳ್ತೈತೆ” ಎಂದ. ಮರಿಗಳನ್ನು ಅಪ್ಪನ ತೊಡೆಯ ಮೇಲೆ ಬಿಟ್ಟ.

ಮಂದೆ ಹೊರಟ ದಿನ ಗಾಡಿಯ ಹಿಂದೆ ಮರಿಗಳ ಕೂಗೋ ಕೂಗು. ದೊಡ್ಡೀರಪ್ಪ ಕೆರ ಬಿಟ್ಟು ಹತ್ತಿದ, ಕೆರ ಎತ್ತಿ ಸೀಟಿನ ಕೆಳಗೆ ಸೇರಿಸಿದಳು ಜುಂಜಮ್ಮ. ಟಗರಿನಿಂದ ತಾಯಿಕುರಿಗೆ, ತಾಯಿಕುರಿಯಿಂದ ಪ್ರಾಯದ ಕುರಿಗೆ. ಹಿಂದಿನ ಸಲ ನಿಂತುಹೋದ ಜಾಗ ಬಂದಾಗ ಜುಂಜಮ್ಮ ಹಿಂದಕ್ಕೆ ತಿರುಗಿ ಮರಿಗಳನ್ನು ನೋಡಿಕೊಂಡಳು. ಅದನ್ನು ದಾಟಿದ ಮೇಲೆ ಅವನು ಹೋತಕ್ಕೆ ಬದಲಾಯಿಸಿ ಅವಳ ಕಡೆ ಓರೆಯಾಗಿ ನೋಡಿದ.

“ವಾಸ್ನೆ ಬರ್ತೈತೇನೇ?”

ಜುಂಜಮ್ಮ ಮೂಗು ಅರಳಿಸಿ ಎಳೆದುಕೊಂಡಳು.

“ಬರ್ತೈತೆ. ಮರಿ ವಾಸ್ನೆ.”